ಅರಿಶಿನಕುಂಟೆ ಕಲಾಯಿ

ಸೀಮೆಎಣ್ಣೆ, ಸಕ್ಕರೆ, ಬಟ್ಟೆ ಎಲ್ಲವನ್ನೂ ಅಳೆದು ಕೊಡುತ್ತಿದ್ದ ಆ ಯುದ್ಧದ ವರ್ಷಗಳನ್ನು ಕಂಡವರು ನಮ್ಮ ಕಡೆ ಈಗ ಹೆಚ್ಚು ಜನ ಉಳಿದಿಲ್ಲ. ಉಳಿದವರಿಗೆ ನೆನಪಿರುತ್ತದೆ, ಆಗ ಮನೆಯಲ್ಲಿ ಒಂದು ಪಾತ್ರೆ ಸೀಳು ಬಿಟ್ಟರೆ ಇನ್ನೊಂದನ್ನು ತರುವ ಮಾತೇ ಇರಲಿಲ್ಲ. ಇದ್ದುದನ್ನೇ ಉಜ್ಜಿ, ಒಣಗಿಸಿ, ಎಣ್ಣೆ ಸವರಿ ಕಾಪಾಡಿಕೊಳ್ಳಬೇಕಾಗಿತ್ತು. ಯುದ್ಧ ಎಲ್ಲೋ ಸಮುದ್ರದಾಚೆ ನಡೆಯುತ್ತಿದೆ ಎನ್ನುತ್ತಿದ್ದರು. ನಮ್ಮಂಥ ಹುಡುಗರಿಗೆ ಯುದ್ಧವೆಂದರೆ ಸಂಜೆಗೇ ಉಂಡು ದೀಪ ಸಣ್ಣದು ಮಾಡುವುದು ಮತ್ತು ಪೆಟ್ರೋಲು ಸಿಗದೆ ರಸ್ತೆಯಲ್ಲಿ ಇದ್ದಿಲ ಹೊಗೆ ಕಾರುತ್ತ ತೆವಳುವ ಬಸ್ಸು, ಅಷ್ಟೇ.

ನಮ್ಮದು ರಾಜಘಟ್ಟದ ಮಗ್ಗುಲಿನ ಒಂದು ಸಣ್ಣ ಹಳ್ಳಿ. ಮನೆಯಲ್ಲಿ ಅಪ್ಪ, ಅವ್ವ, ನನಗಿಂತ ಬಹಳ ದೊಡ್ಡವನಾದ ಅಣ್ಣ, ಮತ್ತು ನಾನು. ಸಾರಿಗೆ, ಹಿಟ್ಟಿಗೆ, ಮಜ್ಜಿಗೆಗೆ ಎಲ್ಲಕ್ಕೂ ಮಣ್ಣಿನ ಮಡಕೆಗಳೇ. ಸ್ನಾನದ ನೀರಿಗೆ ತಾಮ್ರದ ಹಂಡೆ, ಉಣ್ಣುವುದಕ್ಕೆ ಕಂಚಿನ ಗಂಗಳ, ದೇವರ ಗೂಡಿನಲ್ಲಿ ಹಿತ್ತಾಳೆಯ ದೀಪ. ಅವ್ವ ಇವೆಲ್ಲಕ್ಕೂ ಒಂದೇ ಮದ್ದು ಮಾಡುತ್ತಿದ್ದಳು: ಒಲೆಯ ಬೂದಿ. ಅವಳ ಕೈಯಲ್ಲಿ ಗಂಗಳವೂ ಹಂಡೆಯೂ ನಾನೂ ಒಂದೇ ರೀತಿ ಉಜ್ಜಿಸಿಕೊಳ್ಳುತ್ತಿದ್ದೆವು.

ಒಂದು ವೈಶಾಖದಲ್ಲಿ ಅಣ್ಣನ ಮದುವೆಯಾಗಿ ನಂಜಮ್ಮತ್ತಿಗೆ ಬಂದರು. ಅವರ ತವರು ನೆಲಮಂಗಲದ ಹತ್ತಿರದ ಅರಿಶಿನಕುಂಟೆ. ಪಾತ್ರೆ ಪಡಗದ ಬಗ್ಗೆ ಅವರಿಗಿದ್ದಷ್ಟು ಅಕ್ಕರೆಯನ್ನು ನಾನು ಆಮೇಲೆ ಯಾರಲ್ಲೂ ಕಾಣಲಿಲ್ಲ. ಮಧ್ಯಾಹ್ನ ಅವ್ವ ಅಡ್ಡಾದ ಮೇಲೆ ಅತ್ತಿಗೆ ಹಿತ್ತಲ ಕಲ್ಲಿನ ಮೇಲೆ ಎಲ್ಲವನ್ನೂ ಹರಡಿಕೊಂಡು ಕೂರುತ್ತಿದ್ದರು. ನಾನು ಬುಗುರಿ ಬಿಟ್ಟು ಹೋಗಿ ಎದುರಿಗೆ ಕೂರುತ್ತಿದ್ದೆ.

"ಕಬ್ಬಿಣಕ್ಕೆ ನೀರು ಅಂದ್ರೆ ಆಗಾಕಿಲ್ಲ ಕಣೋ ಮುನಿ. ತೊಳ್ದ ತಕ್ಷಣ ಒಲೆ ಮೇಲಿಟ್ಟು ಬಿಸಿ ಮಾಡಿ ಹರಳೆಣ್ಣೆ ಸವರ್ಬೇಕು. ಇಲ್ದಿದ್ರೆ ಬೆಳಗ್ಗೆ ಹೊತ್ಗೆ ಮೈಯೆಲ್ಲ ಕೆಂಪಗೆ ಎದ್ದಿರ್ತದೆ."

"ಅಮ್ಮೋರು ಬಂದಂಗಾ ಅತ್ಗೆ?"

"ಹೂಂ, ಅಂಗೇ ಅಂದ್ಕೋ. ಕಂಚನ್ನ ಮಾತ್ರ ಕುಕ್ಬೇಡ. ಬೆರಳಲ್ಲಿ ತಟ್ಟಿ ನೋಡು, ಎಂಗೆ ಮಾತಾಡ್ತದೆ. ಸೀಳು ಬಿಟ್ಟ ಕಂಚು ಮೂಗನ ಥರ."

ಹಿತ್ತಾಳೆಗೆ ಹುಣಸೆಯ ಹಿಪ್ಪೆ ಮತ್ತು ಇಟ್ಟಿಗೆಯ ನುಣುಪು ಪುಡಿ. ತಾಮ್ರಕ್ಕೆ ಹುಣಸೆಯ ಜೊತೆ ಉಪ್ಪು. ಹೊಸ ಮಡಕೆಗೆ ಗಂಜಿ ಕುದಿಸಿ ತಣಿಸುವುದು, ಹಳೆಯ ಮೊಸರಿನ ಮಡಕೆಯನ್ನು ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕುವುದು. ಬಿದಿರಿನ ಮೊರದ ಸಂದುಗಳಿಗೆ ಮೆಂತ್ಯ ರುಬ್ಬಿ ಸಾರಿಸುವುದು. ಈಗಲೂ ಎಲ್ಲಾದರೂ ಮೆಂತ್ಯ ನೆನೆದ ವಾಸನೆ ಬಂದರೆ ನನಗೆ ಆ ಹಿತ್ತಲು, ಗೋಡೆಗೆ ಒರಗಿಸಿದ ಮೊರಗಳ ಸಾಲು, ಕೈಬಳೆಯನ್ನು ಮೊಣಕೈವರೆಗೆ ಏರಿಸಿಕೊಂಡು ಕೂತ ಅತ್ತಿಗೆ ಕಾಣುತ್ತಾರೆ. ಹುಣಸೆಯನ್ನು ಹಚ್ಚುವ ಮೊದಲು ಬಾಯಿಗೆ ಒಂದು ಚೂರು ಹಾಕಿಕೊಳ್ಳುವುದು ನಮ್ಮಿಬ್ಬರ ಗುಟ್ಟು. ಕೆಲಸ ಮುಗಿದಾಗ ನಮ್ಮ ಹಲ್ಲು ಜುಮ್ಮೆನ್ನುತ್ತಿದ್ದವು, ಪಾತ್ರೆಗಳು ಹೊಳೆಯುತ್ತಿದ್ದವು.

ಬೀದಿಯ ಹುಡುಗರಿಗೆ ಇದು ಗೊತ್ತಾಗದೆ ಇರಲಿಲ್ಲ. "ಏನ್ಲಾ ಮುಸುರೆ ಮುನಿ, ಇವತ್ತು ಗೋಲಿಗೆ ಬತ್ತೀಯಾ, ಇಲ್ಲಾ ಸೀರೆ ಉಟ್ಕಂಡು ಮುಸುರೆ ಉಜ್ತೀಯಾ?" ಎಂದು ಬೇಲಿಯಾಚೆಯಿಂದ ಕೂಗುತ್ತಿದ್ದರು. ನನಗೆ ಬೇಸರವಾಗುತ್ತಿರಲಿಲ್ಲ. ಅತ್ತಿಗೆ ನಾನು ಉಜ್ಜಿದ ಚೊಂಬನ್ನು ಬಿಸಿಲಿಗೆ ಹಿಡಿದು, "ಇದ್ರಲ್ಲಿ ಮುಖ ನೋಡ್ಕಂಡು ಕುಂಕುಮ ಇಡ್ಬೋದು ಕಣಪ್ಪಾ" ಎಂದರೆ ಬುಗುರಿ ಗೆದ್ದದ್ದಕ್ಕಿಂತ ಹೆಚ್ಚಾಗಿತ್ತು.

ಅತ್ತಿಗೆ ತಂದಿದ್ದ ಸಾಮಾನಿನಲ್ಲಿ ಒಂದು ಹಿತ್ತಾಳೆಯ ತಪ್ಪಲೆ ಇತ್ತು. ನಮ್ಮ ಮನೆಯಲ್ಲಿ ಅಡುಗೆಗೆ ಹಿತ್ತಾಳೆ ಬಂದದ್ದು ಅದೇ ಮೊದಲು. ಹೊರಗೆ ಬಂಗಾರದ ಬಣ್ಣ, ಒಳಗೆ ಬೆಳ್ಳಗೆ. ಅದನ್ನು ಅತ್ತಿಗೆ ನನಗೆ ಕೊಡುತ್ತಿರಲಿಲ್ಲ, ತಾವೇ ತೊಳೆದು ಬಟ್ಟೆಯಲ್ಲಿ ಒರೆಸಿ ನಾಗಂದಿಗೆಯ ಮೇಲೆ ಇಡುತ್ತಿದ್ದರು. ತವರಿನ ಸಾಮಾನು, ಅದಕ್ಕೇ ಇಷ್ಟು ಜೋಪಾನ ಎಂದು ನಾನು ತಿಳಿದಿದ್ದೆ. ಒಳಗಿನ ಬಿಳುಪು ತವರ ಕರಗಿಸಿ ಬಳಿದ ಕಲಾಯಿ ಎಂಬುದಾಗಲಿ, ಅದಿಲ್ಲದಿದ್ದರೆ ಹಿತ್ತಾಳೆಯಲ್ಲಿ ಹುಳಿ ಪದಾರ್ಥ ಕೆಟ್ಟು ಕಿಲುಬಾಗುತ್ತದೆ ಎಂಬುದಾಗಲಿ ನನಗೆ ಯಾರೂ ಹೇಳಿರಲಿಲ್ಲ. ಮಡಕೆಯ ಮನೆಯ ಹುಡುಗ ನಾನು. ಯಾರು ಹೇಳಬೇಕಿತ್ತು?

ಭಾದ್ರಪದ ಬಂತು. ಗೌರಿಹಬ್ಬ ಎದುರಿಗಿತ್ತು. ರಾಗಿ ಹೊಲದಲ್ಲಿ ಕಳೆ ತೆಗೆಯುವ ಕೆಲಸವೂ ನಡೆದಿತ್ತು. ಕೆಲಸದವರಿಗೆ ಮಾರನೆಯ ದಿನಕ್ಕೆ ಹುರುಳಿ ಕಟ್ಟಿನ ಸಾರು ಮಾಡಬೇಕು. ಕಟ್ಟಿನ ಸಾರು ಒಂದು ರಾತ್ರಿ ಕೂತರೇ ರುಚಿ ಎಂಬುದನ್ನು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಅಷ್ಟರಲ್ಲಿ ಅವ್ವನ ದೊಡ್ಡ ಸಾರಿನ ಮಡಕೆ ತಳ ಬಿಟ್ಟಿತು.

"ನಿನ್ನ ತಪ್ಪಲೇಲೇ ಮಾಡು ನಂಜಿ," ಎಂದಳು ಅವ್ವ. "ಉಪ್ಪು ಹುಳಿಯೆಲ್ಲ ನೀನೇ ನೋಡ್ಕೋ. ನಾನು ಕೈ ಹಾಕಾಕಿಲ್ಲ."

ಸೊಸೆಗೆ ಮನೆಯ ಸಾರು ಒಪ್ಪಿಸುವುದು ಸಣ್ಣ ಮಾತಲ್ಲ. ಅತ್ತಿಗೆಯ ಮುಖ ಅರಳಿದ್ದು ನನಗೆ ನೆನಪಿದೆ. ಅವರು ಅವ್ವನ ಜೊತೆ ಬಟ್ಟೆಯ ಗಂಟು ಹೊತ್ತು ಕೆರೆಗೆ ಹೊರಡುತ್ತ, "ಮುನಿ, ಹುರುಳೀಲಿ ಕಲ್ಲು ಆರ್ಸಿ, ತಪ್ಪಲೆಗಾಕಿ ನೀರು ತುಂಬ್ಸಿಡಪ್ಪಾ. ದೀಪ, ಚೊಂಬು ಎಲ್ಲಾ ಉಜ್ಜಿಡು, ಹಬ್ಬ ಹತ್ರ ಬಂತು" ಎಂದರು.

ದೀಪ, ಚೊಂಬು, ತಂಬಿಗೆ ಬೇಗ ಮುಗಿದವು. ನಾಗಂದಿಗೆಯಿಂದ ತಪ್ಪಲೆ ಇಳಿಸಿದೆ. ಹೊರಗಡೆ ಎಷ್ಟು ಚೆನ್ನಾಗಿ ಹೊಳೆಯುತ್ತಿದೆ, ಒಳಗೆ ಹೀಗೇಕೆ ಮಂಕು? ಅತ್ತಿಗೆಯ ಕೈಯಲ್ಲಿ ಬಿಡದ ಕೊಳೆ ಇದು, ನಾನು ಬಿಡಿಸಿದರೆ ಎಷ್ಟು ಹೊಗಳಬಹುದು! ಹುಣಸೆ ಹಚ್ಚಿದೆ, ಇಟ್ಟಿಗೆ ಪುಡಿ ಹಾಕಿ ಉಜ್ಜಿದೆ. ಹೋಗಲಿಲ್ಲ. ಒಡೆದ ಹೆಂಚಿನ ಒಂದು ಚೂರು ಹುಡುಕಿ ತಂದೆ. ಕೆರೆದೆ. ಒಂದು ಕಡೆ ಹಳದಿ ಕಾಣಿಸಿತು. ಆ ಹಳದಿ ಕಂಡಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಹೊತ್ತು ಇಳಿಯುವವರೆಗೂ ಕೆರೆದೆ. ತಳವೆಲ್ಲ, ಪಕ್ಕದ ಅರ್ಧದವರೆಗೆ, ಹೊರಗಿನಂತೆಯೇ ಹೊಂಬಣ್ಣವಾಯಿತು. ಬಾಯಿಯ ಹತ್ತಿರ ಮಾತ್ರ ಬಿಳುಪು ಉಳಿಯಿತು. ಅದನ್ನು ನಾಳೆ ಮುಗಿಸಿ, ಬಿಸಿಲಲ್ಲಿ ಹಿಡಿದು ತೋರಿಸಬೇಕು ಎಂದುಕೊಂಡು ಹುರುಳಿ ಹಾಕಿ, ನೀರು ತುಂಬಿ, ಒಲೆಯ ಪಕ್ಕ ಇಟ್ಟೆ.

ಅವರು ಕೆರೆಯಿಂದ ಬರುವಾಗ ಮಬ್ಬು ಕವಿದಿತ್ತು. ನಮ್ಮ ಅಡುಗೆಮನೆಗೆ ಇದ್ದದ್ದು ಒಂದು ಬೆಳಕಿಂಡಿ. ಸೀಮೆಎಣ್ಣೆಯ ಬುಡ್ಡಿ ಮಿಣುಕುತ್ತಿತ್ತು. ಹುರುಳಿ ತುಂಬಿದ ತಪ್ಪಲೆಯನ್ನು ಅತ್ತಿಗೆ ಹಾಗೆಯೇ ಒಲೆಗೆ ಏರಿಸಿದರು. ಬೆಂದ ಹುರುಳಿಯ ಕಟ್ಟು ಬಸಿದು, ಅದೇ ತಪ್ಪಲೆಗೆ ಹುಣಸೆ, ಖಾರ, ಸುಟ್ಟ ಈರುಳ್ಳಿ ರುಬ್ಬಿ ಹಾಕಿ ಕುದಿಸಿದರು. ಬೆಳ್ಳುಳ್ಳಿ ಒಗ್ಗರಣೆಯ ಘಮ ಬೀದಿಯವರೆಗೆ ಹೋಗಿತ್ತು. ಅವ್ವ ಬಾಗಿಲಲ್ಲಿ ನಿಂತು ಮೂಗರಳಿಸಿ, ಏನೂ ಹೇಳದೆ ಹೋದಳು. ಅವಳು ಏನೂ ಹೇಳದಿದ್ದರೆ ಅದು ಮೆಚ್ಚುಗೆ.

ಮಾರನೆಯ ದಿನ ಆ ಸಾರು ಹೊಲಕ್ಕೆ ಹೋಯಿತು. ಅಪ್ಪ ಮೊದಲ ತುತ್ತನ್ನೇ ಉಗಿದನಂತೆ. ಹಸಿದಿದ್ದ ಕೆಲಸದವರು ಒಂದೆರಡು ಮುದ್ದೆ ನುಂಗಿ ಆಮೇಲೆ ಬದುವಿನ ಮೇಲೆ ಕೂತು ಕಕ್ಕಿದರಂತೆ. ಸಂಜೆಗೆ ಊರಿಗೆಲ್ಲ ಸುದ್ದಿ.

ಅವ್ವ ತಪ್ಪಲೆಯನ್ನು ಅಂಗಳಕ್ಕೆ ತಂದು ಬೋರಲು ಹಾಕಿದಳು. ತಳದಲ್ಲಿ ಹಸಿರು ಹಸಿರಾಗಿ ಕಿಲುಬು ಹಿಡಿದಿತ್ತು.

"ನೋಡಮ್ಮಾ ನಿಮ್ಮಪ್ಪ ಕೊಟ್ಟಿರೋ ಬಳುವಳಿ! ಮೇಲೆ ಮೇಲೆ ಬೆಳ್ಳಗೆ ಬಳ್ದು ಕೊಟ್ಟವ್ರೆ, ನಾಕು ತಿಂಗ್ಳಿಗೇ ಕಿತ್ಕಂಡು ಹೋಯ್ತು. ಇನ್ನೊಂದಷ್ಟು ಉಂಡಿದ್ರೆ ಎಣ ಎತ್ಬೇಕಾಗಿತ್ತು. ಅರಿಶಿನಕುಂಟೇಲಿ ಇಂಗೇನಾ ಕಲಾಯಿ ಹಾಕ್ಸೋದು?"

"ಇಲ್ಲಾ ಅತ್ತೆ, ನಮ್ಮಪ್ಪ ಅಂಥೋರಲ್ಲ..."

"ಅಂಥೋರಲ್ದೆ ಇದು ಎಂಗಾಯ್ತು? ನಾನು ಕಿತ್ತಿದ್ನಾ?"

ಅತ್ತಿಗೆಯ ಕಣ್ಣು ತುಂಬಿತ್ತು. ತಮ್ಮನ್ನು ಬೈದದ್ದಕ್ಕಲ್ಲ. ಮದುವೆಯಾಗಿ ಬಂದ ಹೆಣ್ಣಿಗೆ ಅತ್ತೆ ಬೈಯುವುದು ದಿನದ ಊಟದ ಹಾಗೆ. ಆದರೆ ಅಪ್ಪನ ಮರ್ಯಾದೆ ಅಂಗಳದಲ್ಲಿ ಬೋರಲು ಬಿದ್ದಿತ್ತು. ಅವತ್ತು ಹಿತ್ತಲಲ್ಲಿ ನನ್ನನ್ನು ಒಬ್ಬನೇ ಕರೆದು ಮೆಲ್ಲಗೆ ಕೇಳಿದರು.

"ಮುನಿ, ನೀನೇನಾದ್ರೂ ಒಳ್ಗಡೆ ಉಜ್ಜಿದ್ಯೇನಪ್ಪಾ? ಬೈಯಾಕಿಲ್ಲ, ಹೇಳು."

ಹೇಳಬಹುದಾಗಿತ್ತು. ಬೈಯುವುದಿಲ್ಲ ಎಂದೂ ಅವರು ಹೇಳಿದ್ದರು. ಆದರೆ ಒಳಗೆ ಅವ್ವನ ದನಿ ಇನ್ನೂ ಏರುತ್ತಲೇ ಇತ್ತು.

"ಇಲ್ಲ ಅತ್ಗೆ. ನೀರಲ್ಲಿ ಜಾಲಿಸ್ದೆ, ಅಷ್ಟೆ."

ಅವರು ನನ್ನ ತಲೆ ಸವರಿ, "ನಂಗೊತ್ತು ಬಿಡು, ನೀನು ಹೇಳ್ದೆ ಮಾಡೋನಲ್ಲ" ಎಂದರು. ನಂಬಿಬಿಟ್ಟರು. ನಾನು ಬಹಳ ಸುಳ್ಳು ಹೇಳಿದ್ದೇನೆ. ಕಚೇರಿಯಲ್ಲಿ, ಮನೆಯಲ್ಲಿ, ದೇವರ ಮುಂದೆ. ಅಷ್ಟು ಸುಲಭವಾಗಿ ನಂಬಿಸಿಕೊಂಡ ಸುಳ್ಳು ಅದೊಂದೇ.

ಹಬ್ಬದ ದಿನ ಅರಿಶಿನಕುಂಟೆಯ ಮಾವ ಮಗಳಿಗೆ ಬಾಗಿನ ಹೊತ್ತು ಬಂದರು. ಎತ್ತರದ ಆಳು, ಬಿಳಿಯ ಪೇಟ, ಕಿವಿಯಲ್ಲಿ ಒಂಟಿ. ಬಾಗಿಲಲ್ಲಿ ಕಾಲು ತೊಳೆದು ಒಳಗೆ ಬಂದವರನ್ನು ಅವ್ವ ನೆಟ್ಟಗೆ ಕೂರಿಸಿ, ಕಡುಬು ಬಡಿಸಿ, ತುಪ್ಪ ಹಾಕಿ, ಆಮೇಲೆ ಹೇಳಿದಳು.

"ಉಣ್ಣಿ ಬೀಗ್ರೆ, ಎದ್ರುಕೋಬೇಡಿ. ಇದು ನಮ್ಮನೆ ಮಡಕೇಲಿ ಮಾಡಿದ್ದು."

ಮಾವನ ಕೈ ಎಲೆಯ ಮೇಲೇ ನಿಂತಿತು. ಅಣ್ಣ, "ಅವ್ವಾ, ಸುಮ್ಕಿರು" ಎಂದ. ಅವ್ವ ಸುಮ್ಮನಾಗಲಿಲ್ಲ, ಎಲ್ಲವನ್ನೂ ಹೇಳಿದಳು. ಮಾವ ತಪ್ಪಲೆ ತರಿಸಿ ಒಳಗೆ ಬೆರಳಾಡಿಸಿ ನೋಡಿದರು. ಎಲೆಯಲ್ಲಿದ್ದುದನ್ನು ಮುಗಿಸಿ ಎದ್ದು ಕೈತೊಳೆದು, "ತಪ್ಪಾಗೈತಮ್ಮಾ. ಬೇರೆ ಹಾಕಿಸ್ಕೊಂಡು ಬತ್ತೀನಿ" ಎಂದರು. ಅತ್ತಿಗೆ ಕಂಬದ ಹಿಂದೆ ಹೊಸ ಬಳೆಗಳನ್ನು ಸದ್ದಾಗದಂತೆ ಹಿಡಿದುಕೊಂಡು ನಿಂತಿದ್ದರು.

ತಪ್ಪಲೆಯನ್ನು ಬಸ್ಸಿನವರೆಗೆ ಹೊತ್ತು ಬರಲು ನನ್ನನ್ನೇ ಕಳಿಸಿದರು. ದಾರಿಯುದ್ದಕ್ಕೂ ಹುಚ್ಚೆಳ್ಳು ಹೂಬಿಟ್ಟು ಹಳದಿ ಹಾಸಿದಂತಿತ್ತು. ನನಗೆ ಆ ಬಣ್ಣವೇ ಹಿಂಸೆಯಾಯಿತು. ರಸ್ತೆಗೆ ಬಂದಾಗ ಬಸ್ಸು ನಿಂತಿತ್ತು. ಕಂಡಕ್ಟರು ಹಿಂದಿನ ಇದ್ದಿಲ ಒಲೆಯ ತಿದಿಯ ಹಿಡಿಯನ್ನು ತಿರುಗಿಸುತ್ತ ಬೆವರುತ್ತಿದ್ದ. "ಕಾವು ಬರೋವರ್ಗೂ ಗಾಡಿ ಏಳಾಕಿಲ್ಲ, ಕೂತ್ಕಳಿ ಗೌಡ್ರೆ" ಎಂದ. ಮಾವ ಮರದ ಬೇರಿನ ಮೇಲೆ ಕೂತರು. ಮಡಿಲಿನಿಂದ ಹುರಿದ ಕಡಲೆಕಾಯಿ ತೆಗೆದು ಅರ್ಧ ನನ್ನ ಕೈಗೆ ಸುರಿದರು. ಆ ಕಡಲೆಕಾಯಿ ನನ್ನ ಬಾಯಿ ಬಿಡಿಸಿತು.

"ಮಾವ, ಅದನ್ನ ಕೆರೆದಿದ್ದು ನಾನು."

"ಯಾವ್ದನ್ನ?"

"ಒಳ್ಗಡೆ ಬೆಳ್ಳಗಿದ್ದಿದ್ದನ್ನ. ಹೆಂಚಲ್ಲಿ ಕೆರೆದೆ. ಕೊಳೆ ಅಂತ ಅಂದ್ಕಂಡೆ."

ಅವರು ನನ್ನನ್ನು ನೋಡಿದರು. ನಾನು ಏಟು ಬೀಳುತ್ತದೆ ಎಂದು ಕಣ್ಣು ಮುಚ್ಚಿದೆ. ಬಿದ್ದದ್ದು ನಗು. ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು ನಕ್ಕರು. "ಅಯ್ಯೋ ನಿನ್ನ! ಆ ಕಲಾಯಿ ಸಾಬ ನಂಗೆ ಮೋಸ ಮಾಡ್ದ ಅಂತ ದಾರಿಯುದ್ದಕ್ಕೂ ಅವ್ನನ್ನ ಬೈಕಂಡು ಬಂದೆ ಕಣ್ಲಾ. ಒಳ್ಳೆ ಮನ್ಸ ಅವ್ನು. ಕಲಾಯಿ ಮಾಲೇ ಸಿಗ್ದಿರೋ ಕಾಲ್ದಲ್ಲಿ ತನ್ನ ಹತ್ರ ಉಳ್ದಿದ್ದನ್ನೆಲ್ಲ ನಿಮ್ಮತ್ಗೆ ತಪ್ಪಲೆಗೆ ಹಾಕಿದ್ದ."

ಆಮೇಲೆ ನಗು ನಿಂತಿತು.

"ನನ್ ಮಗೀಗೆ, ನಿಮ್ಮತ್ಗೆಗೆ ಹೇಳಿದ್ಯಾ?"

"ಇಲ್ಲ."

"ಹೇಳು. ನಿಮ್ಮವ್ವಂಗೂ ಹೇಳು. ನಾನು ಹೇಳಾಕಾಗಾಕಿಲ್ಲ ಕಣಪ್ಪಾ. ತನ್ನ ಮಾನ ಉಳಿಸ್ಕಳಾಕೆ ಬೀಗ ನಮ್ಮುಡ್ಗನ ಮೇಲೆ ಹೇಳ್ದ ಅಂತಾರೆ. ನನ್ ಮಗಳೂ ಹೊರಗೆ ಹೇಳಿದ್ರೆ ಅಂಗೇ ಅಂತಾರೆ. ನಿನ್ ಬಾಯಿಂದ್ಲೇ ಬರ್ಬೇಕು. ಹೇಳ್ತೀಯಾ?"

"ಹೇಳ್ತೀನಿ ಮಾವ."

ಬಸ್ಸಿಗೆ ಕಾವು ಬಂತು. ಹತ್ತುವಾಗ ಇನ್ನೊಂದು ಹಿಡಿ ಕಡಲೆಕಾಯಿ ನನ್ನ ಜೇಬಿಗೆ ಹಾಕಿ, "ಚಿನ್ನದಂಥ ಉಡ್ಗ" ಎಂದರು. ನಾನು ಕುಣಿಯುತ್ತ ಊರಿಗೆ ಬಂದೆ. ಎದೆ ಹಗುರವಾಗಿತ್ತು. ಹಗುರವಾದದ್ದೇ ತಪ್ಪಾಯಿತು. ಒಬ್ಬರಿಗೆ ಹೇಳಿಯಾಯಿತಲ್ಲ, ಉಳಿದವರಿಗೆ ನಾಳೆ ಹೇಳಿದರಾಯಿತು ಎನಿಸಿತು. ನಾಳೆ ಗಣೇಶನ ಹಬ್ಬ. ಮರುದಿನ ಮತ್ತೇನೋ. ತಪ್ಪಲೆ ಹೊಸ ಕಲಾಯಿ ಹಾಕಿಸಿಕೊಂಡು ದಸರೆಯ ಹೊತ್ತಿಗೆ ಯಾರದೋ ಗಾಡಿಯಲ್ಲಿ ಬಂತು. ಮಾವ ಬರಲಿಲ್ಲ. ಆಮೇಲೆ ವರ್ಷಕ್ಕೊಮ್ಮೆ ಬಾಗಿನ ಹೊತ್ತು ಬಂದಾಗಲೂ ಜಗಲಿಯ ಮೇಲೆ ಕೂತು ನೀರು ಕುಡಿದು ಹೋಗುತ್ತಿದ್ದರು, ಊಟಕ್ಕೆ ಏಳುತ್ತಿರಲಿಲ್ಲ. ಹೋಗುವಾಗ ನನ್ನ ಕಡೆ ನೋಡುತ್ತಿದ್ದರು. ನಾನು ದನದ ಕೊಟ್ಟಿಗೆಯಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ನಮ್ಮ ಮನೆಯಲ್ಲಿ ಆ ಮಾತು ಉಳಿದುಹೋಯಿತು. ಕೊಂಡ ತಿಂಗಳಿಗೇ ಬಣ್ಣ ಬಿಟ್ಟ ಪಂಚೆಗೆ, ಎರಡು ದಿನ ಬಂದು ಮೂರನೆಯ ದಿನ ತಪ್ಪಿಸಿಕೊಂಡ ಆಳಿಗೆ, ಕೊನೆಗೆ ಬರಿಯ ಮೋಡ ತೋರಿಸಿ ಹೋದ ಮಳೆಗೂ ಅವ್ವ "ಅರಿಶಿನಕುಂಟೆ ಕಲಾಯಿ" ಎನ್ನುತ್ತಿದ್ದಳು. ಅಕ್ಕಪಕ್ಕದವರೂ ಕಲಿತರು. ಅಪ್ಪ ನಗುತ್ತಿದ್ದ. ಅತ್ತಿಗೆಯೂ ಬರಬರುತ್ತಾ ತಲೆ ಬಗ್ಗಿಸಿ ಸ್ವಲ್ಪ ನಗುತ್ತಿದ್ದರು. ಇದನ್ನು ಬರೆಯಲೇಬೇಕು: ನಾನೂ ನಕ್ಕಿದ್ದೇನೆ. ದೊಡ್ಡಬಳ್ಳಾಪುರದ ಹೈಸ್ಕೂಲಿಗೆ ಸೇರಿದ ಮೇಲೆ ನಾನೂ ಆ ಮಾತನ್ನು ಆಡಿದ್ದೇನೆ, ಅತ್ತಿಗೆ ಬಡಿಸುತ್ತಿರುವಾಗಲೇ.

ಇಷ್ಟಾದರೂ ನಾವು ಸುಖವಾಗಿಯೇ ಇದ್ದೆವು. ಹಿತ್ತಲ ಕಲ್ಲಿನ ಮೇಲೆ ಅತ್ತಿಗೆಯ ಎದುರು ನಾನು ಇನ್ನೂ ಹಲವು ವರ್ಷ ಕೂತೆ. ಅವ್ವನಿಗೆ ಕಾಯಿಲೆಯಾದಾಗ ಅವಳು ಅತ್ತಿಗೆಯ ಕೈಯ ಗಂಜಿಯನ್ನು ಬಿಟ್ಟು ಬೇರೆಯವರದು ಮುಟ್ಟಲಿಲ್ಲ. ಅರಿಶಿನಕುಂಟೆಯ ಮಾವ ಅವಳಿಗಿಂತ ಮುಂಚೆಯೇ ಹೋಗಿದ್ದರು. ನಾನು ಅವರ ಮಣ್ಣಿಗೂ ಹೋಗಿದ್ದೆ. ಅಲ್ಲಿಯೂ ಏನೂ ಹೇಳಲಿಲ್ಲ.

ನನ್ನ ಮಗಳ ಮದುವೆಯಾದ ಮೇಲೆ ಒಮ್ಮೆ ಅವಳ ಮನೆಗೆ ಹೋಗಿದ್ದೆ. ನಾನು ಕೊಟ್ಟಿದ್ದ ಬೀರುವಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ ಎಂದು ಬೀಗಿತ್ತಿ ನಗುತ್ತಲೇ ಒಂದು ಮಾತು ಹೇಳಿದರು. ಮಗಳು ನನ್ನ ಮುಖ ನೋಡದೆ ಒಳಗೆ ಹೋದಳು. ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟೆ, ಕುಡಿಯಲಾಗಲಿಲ್ಲ. ಅಂದು ಮಾವನ ಕೈ ಎಲೆಯ ಮೇಲೆ ಏಕೆ ನಿಂತಿತೆಂದು ನನಗೆ ಆಗ ತಿಳಿಯಿತು. ಆದರೂ ಅತ್ತಿಗೆಯ ಮುಂದೆ ಬಾಯಿಬಿಡಲು ಇನ್ನೂ ಎಷ್ಟೋ ಕಾಲ ಹಿಡಿಯಿತು.

ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ದೊಡ್ಡಬಳ್ಳಾಪುರದಲ್ಲಿ ಮಗನ ಮನೆಯಲ್ಲಿದ್ದರು. ಬೆನ್ನು ಬಾಗಿತ್ತು, ಕಣ್ಣು ಮಂಜಾಗಿತ್ತು, ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ನಾನು ಹೋದಾಗ ನೆನೆಸಿದ ಅವರೆಕಾಳನ್ನು ಹಿಚುಕುತ್ತ ಕೂತಿದ್ದರು. ನಾನೂ ಒಂದಷ್ಟು ಕಾಳು ಎಳೆದುಕೊಂಡು ಕೂತು, ತಲೆ ತಗ್ಗಿಸಿಯೇ ಎಲ್ಲವನ್ನೂ ಹೇಳಿದೆ. ಹೆಂಚಿನ ಚೂರು, ಸುಳ್ಳು, ಬಸ್ಸು, ಮಾವನಿಗೆ ಕೊಟ್ಟು ಉಳಿಸಿಕೊಳ್ಳದ ಮಾತು, ಎಲ್ಲ.

ಅವರಿಗೆ ಎಂದೋ ಗೊತ್ತಿರಬಹುದು, ಮಾವ ಹೇಳಿರಬಹುದು ಎಂದು ನಾನು ಒಳಗೊಳಗೇ ನಂಬಿಕೊಂಡು ಬಂದಿದ್ದೆ. ಅವರಿಗೆ ಗೊತ್ತಿರಲಿಲ್ಲ. ಕಾಳು ಹಿಚುಕುತ್ತಿದ್ದ ಬೆರಳು ನಿಂತವು.

"ಅಂಗಾದ್ರೆ ನಮ್ಮಪ್ಪ ಚೆನ್ನಾಗೇ ಹಾಕ್ಸಿದ್ರಾ?"

"ಚೆನ್ನಾಗೇ ಹಾಕ್ಸಿದ್ರು ಅತ್ಗೆ."

"ನಾನು... ಕೈಲಿ ಆಗ್ದೆ ತೆಳ್ಳಗೆ ಬಳಿಸ್ಬಿಟ್ರು ಪಾಪ, ಅಂತ ಅಂದ್ಕಂಡಿದ್ದೆ ಕಣೋ. ಯಾರ ಹತ್ರಾನೂ ಆಡ್ಲಿಲ್ಲ. ಅಪ್ಪನ ಹತ್ರಾನೂ ಕೇಳ್ಲಿಲ್ಲ. ಕೇಳಿದ್ರೆ ನೊಂದ್ಕಂತಾರೆ ಅಂತ. ಸಾಯೋವಾಗ್ಲೂ ಅವ್ರ ಕಾಲಿಡ್ಕಂಡು, ಬಡವ್ರಾಗಿದ್ರೂ ಇಷ್ಟು ಮಾಡುದ್ರಲ್ಲ ಅಂತ ಮನಸ್ನಲ್ಲೇ ಅಂದೆ."

ನಾನು ಕಳೆದುಹಾಕಿದ್ದು ಏನೆಂದು ಅಲ್ಲಿಯವರೆಗೂ ನನಗೆ ಅಳತೆ ಸಿಕ್ಕಿರಲಿಲ್ಲ. ಹಿತ್ತಾಳೆ ಹೋಗಿ ಅಲ್ಯೂಮಿನಿಯಂ ಬಂತು, ಅದೂ ಹೋಗಿ ಸ್ಟೀಲು ಬಂತು, ಕಲಾಯಿಯ ಕೂಗು ಬೀದಿಯಿಂದ ಮಾಯವಾಯಿತು, ಹಿತ್ತಲಿನ ಜಾಗದಲ್ಲಿ ಯಾರದೋ ಸೈಟುಗಳಾದವು. ಇವೆಲ್ಲ ಹೇಗಿದ್ದರೂ ಹೋಗುವಂಥವು. ಆದರೆ ಒಬ್ಬ ಮಗಳು ತನ್ನ ಆಯುಸ್ಸಿನುದ್ದಕ್ಕೂ ಅಪ್ಪನನ್ನು ನೆನೆಯುವಾಗ ಹೆಮ್ಮೆ ಇರಬೇಕಾದ ಕಡೆ ಕನಿಕರ ಇಟ್ಟುಕೊಂಡಿದ್ದಳು. ಅದು ತಾನಾಗಿ ಹೋದದ್ದಲ್ಲ.

ಕಾಲಿಗೆ ಬೀಳಬೇಕೆಂದು ಬಗ್ಗಿದೆ. ಅವರು ಭುಜ ಹಿಡಿದು ತಡೆದರು. ಮುಖದಲ್ಲಿ ಸಿಟ್ಟು ಇರಲಿಲ್ಲ. ನನ್ನ ಮಾತು ಅವರಿಗೆ ಅರ್ಧ ಕೇಳಿಸಿತ್ತು, ಇನ್ನರ್ಧದ ಹೊತ್ತಿಗೆ ಅವರು ಬೇರೆಲ್ಲೋ ಇದ್ದರು.

"ಕೆರೆಯೋಕೆ ಕಷ್ಟ ಆಯ್ತಾ?" ಎಂದು ಕೇಳಿದರು.

"ಅಯ್ಯೋ, ಕೈಯೆಲ್ಲ ಬೊಬ್ಬೆ ಎದ್ದಿತ್ತು ಅತ್ಗೆ. ಬಿಡ್ತಾನೇ ಇರ್ಲಿಲ್ಲ."

"ಅಷ್ಟು ಗಟ್ಟಿಯಾಗಿತ್ತಾ?"

"ಅಷ್ಟು ಗಟ್ಟಿಯಾಗಿತ್ತು."

ಅತ್ತಿಗೆ ಕಣ್ಣೊರೆಸಿಕೊಂಡು, ಒಳಮನೆಯ ಕಡೆ ತಿರುಗಿ, "ಲೇ ಮಗಾ, ನಿನ್ನೆಂಡ್ತೀನೂ ಕರ್ಕಂಡು ಬಾ ಇಲ್ಲಿ" ಎಂದು ಕೂಗಿದರು. ಮಗ, ಸೊಸೆ ಇಬ್ಬರೂ ಬಂದು ಗಾಬರಿಯಿಂದ ನಿಂತರು.

"ಹೂಂ," ಎಂದರು ನನಗೆ. "ಈಗ ಇನ್ನೊಂದ್ಸಲ ಹೇಳು. ಗಟ್ಟಿಯಾಗಿ ಹೇಳು, ಇವ್ರಿಗೂ ಕೇಳ್ಲಿ. ನಮ್ಮಪ್ಪ ಹಾಕ್ಸಿದ್ದ ಕಲಾಯಿ ಎಂಗಿತ್ತು?"